ಕೆಟ್ಟ ಹಾರ್ಡ್‌ಡಿಸ್ಕ್: ಯಾವುದು ಬದುಕೀತು, ಯಾವುದು ಬದುಕದು

ಶಿರೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಎರಡೂ ಬದಿಯಲ್ಲಿ ಹಾರ್ಡ್‌ಡಿಸ್ಕ್ ಇಲ್ಲದ ವ್ಯವಹಾರ ಈಗ ಹುಡುಕಿದರೂ ಸಿಗುವುದು ಕಷ್ಟ. ಮದುವೆ ವಿಡಿಯೊ ಮಾಡುವ ಸ್ಟುಡಿಯೋ, ಸಹಕಾರಿ ಸಂಘದ ಲೆಕ್ಕ, ಗೇರುಬೀಜ ಕಾರ್ಖಾನೆಯ ಕ್ಯಾಮೆರಾ, ಹರಕೆ ಆಟವನ್ನು ರಾತ್ರಿಯಿಡೀ ಚಿತ್ರೀಕರಿಸಿ ಇಟ್ಟುಕೊಂಡ ಯಕ್ಷಗಾನದ ಹುಚ್ಚಿನವರು, ಊರಿಗೆ ಬಂದಾಗ ಫೋಟೊ ತುಂಬಿಸಿ ಬೀರುವಿನಲ್ಲಿಟ್ಟು ಹೋಗುವ ಬೆಂಗಳೂರು, ದುಬೈ ಮಕ್ಕಳು. ಇವರ ಡಿಸ್ಕ್‌ಗಳೆಲ್ಲ ಒಂದಲ್ಲ ಒಂದು ದಿನ ನನ್ನ ಮೇಜಿಗೆ ಬರುತ್ತವೆ. ತಂದವರು ಹೇಳುವುದು ಒಂದೇ ಮಾತು: ‘ಹೋಯ್ತು.’

ಹೋಯ್ತು ಎಂದು ಬಂದದ್ದೆಲ್ಲ ಹೋಗಿರುವುದಿಲ್ಲ. ನಮ್ಮ ಕರಾವಳಿಯಲ್ಲಿ ಡಿಸ್ಕಿನ ಒಳಗಿನ ತಟ್ಟೆ ತಾನಾಗಿ ಕೆಡುವುದು ಒಂದು ಪಾಲು, ಕರೆಂಟು ಮತ್ತು ಉಪ್ಪು ಗಾಳಿ ಸೇರಿ ಕೆಡಿಸುವುದು ಇನ್ನೊಂದು ಪಾಲು. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದಕ್ಕೆ ಎಷ್ಟೋ ಸಲ ಇದೆ. ಯಾವುದು ಯಾವುದೆಂದು ತಿಳಿಯುವುದರಲ್ಲೇ ಈ ಕಸುಬಿನ ಮುಕ್ಕಾಲು ಪಾಲು ಇದೆ.

1. ಬೇಕಾದದ್ದು ಡಿಸ್ಕೋ, ಒಳಗಿರುವುದೋ ಎಂದು ಮೊದಲು ಕೇಳಿ

‘ಹ್ವಾಯ್, ಇದ್ರ್ ಒಳ್ಗ್ ಮಗಳ್ ಮದಿ ವಿಡಿಯೊ ಇತ್ತ್, ಹ್ಯಾಂಗಾರೂ ಮಾಡಿ ತೆಗ್ದ್ ಕೊಡಿ ಮಾರಾಯ್ರೆ’ ಎನ್ನುವವರಿಗೂ ‘ಸರಿ ಮಾಡಿ ಕೊಡಿ, ಸಿನಿಮಾ ಹಾಕಲಿಕ್ಕೆ ಆಯಿತು’ ಎನ್ನುವವರಿಗೂ ನಾನು ಮಾಡುವ ಕೆಲಸ ಪೂರ್ತಿ ಬೇರೆ. ಮೊದಲನೆಯವರ ಡಿಸ್ಕಿನ ಮೇಲೆ ಒಂದಕ್ಷರ ಬರೆಯುವಂತಿಲ್ಲ. ಎರಡನೆಯವರದ್ದನ್ನು ಪರೀಕ್ಷಿಸಬೇಕಾದರೆ ಇಡೀ ಡಿಸ್ಕನ್ನು ಅಳಿಸಿ ಬರೆಯಲೇಬೇಕು. ಎರಡನ್ನೂ ಒಟ್ಟಿಗೆ ಮಾಡಲು ಹೊರಟವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಇನ್ನೊಂದು ವಿಷಯವನ್ನೂ ಗಿರಾಕಿಗೆ ಆಗಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡ ಊರಿನ ಲ್ಯಾಬಿನಲ್ಲಿ, ಧೂಳಿಲ್ಲದ ಕೋಣೆಯಲ್ಲಿ, ತಟ್ಟೆಯನ್ನು ಓದುವ ಹೆಡ್ ಬದಲಿಸಿ ಡೇಟಾ ತೆಗೆಯುತ್ತಾರೆ, ಸರಿ. ಆದರೆ ಆ ಡಿಸ್ಕ್ ಆಮೇಲೆ ಬಳಕೆಗೆ ಬರುವುದಿಲ್ಲ. ಹೊಸ ಹೆಡ್ ಡೇಟಾ ಹೊರಗೆ ಬರುವವರೆಗೆ ಬಾಳಿದರೆ ಅದೇ ಗೆಲುವು. ಒಳಗಿನ ಯಂತ್ರಭಾಗ ರಿಪೇರಿಯಾಗಿ ಮತ್ತೆ ನಂಬಿಕೆಗೆ ಅರ್ಹವಾದ ಡಿಸ್ಕ್ ಎಂಬುದು ಇಲ್ಲ. ಲ್ಯಾಬಿನ ಖರ್ಚು ಹೊಸ ಡಿಸ್ಕಿನ ಬೆಲೆಯ ಎಷ್ಟೋ ಪಟ್ಟು ಆಗುತ್ತದೆ. ಅಷ್ಟು ಬೆಲೆಯ ಡೇಟಾ ಒಳಗಿದೆಯೇ ಎಂದು ಮನೆಯವರೇ ತೀರ್ಮಾನಿಸಬೇಕು.

2. ಕಿವಿಗೊಡಿ, ಆಮೇಲೆ ಕೈ ಹಾಕಿ

ಡಿಸ್ಕಿಗೆ ಕರೆಂಟ್ ಕೊಟ್ಟ ಮೊದಲ ಹತ್ತು ಸೆಕೆಂಡು ಅರ್ಧ ಕಥೆ ಹೇಳುತ್ತದೆ. ಮೆಲ್ಲಗೆ ತಿರುಗಿ, ಒಂದೆರಡು ಸಣ್ಣ ಸದ್ದಾಗಿ ಸುಮ್ಮನಾದರೆ ಆಸೆ ಇಟ್ಟುಕೊಳ್ಳಬಹುದು. ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿದು ನಿಂತರೆ ಹೆಡ್ಡಿನ ಕಥೆ ಮುಗಿಯುತ್ತ ಬಂದಿದೆ. ಸಣ್ಣ ಪೋರ್ಟಬಲ್ ಡಿಸ್ಕ್ ಬೀಪ್ ಬೀಪ್ ಎಂದು ಕೊರಗಿದರೆ ಮೋಟರ್ ತಿರುಗಲು ಹೆಣಗುತ್ತಿದೆ. ಹೆಚ್ಚಾಗಿ ಹೆಡ್ ತಟ್ಟೆಗೆ ಅಂಟಿಕೊಂಡಿರುತ್ತದೆ. ಏನೂ ಸದ್ದಿಲ್ಲದಿದ್ದರೆ ನನಗೆ ಖುಷಿ. ಅದು ಹೊರಗಿನ ಬೋರ್ಡಿನ ತೊಂದರೆ ಇರುವ ಸಾಧ್ಯತೆ ಹೆಚ್ಚು.

ಬಡಿಯುವ ಡಿಸ್ಕನ್ನು ‘ಇನ್ನೊಮ್ಮೆ ನೋಡುವ’ ಎಂದು ಪದೇ ಪದೇ ಹಚ್ಚುವುದು ಎಲ್ಲಕ್ಕಿಂತ ದೊಡ್ಡ ಅನಾಹುತ. ಮೂರೂವರೆ ಇಂಚಿನ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುವಾಗ ತಟ್ಟೆಯ ಅಂಚು ಗಂಟೆಗೆ 120 ಕಿ.ಮೀ. ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ಅಲ್ಲಿ ಧೂಳಿನ ಒಂದು ಕಣವೂ ಬಂಡೆ. ಮುರಿದ ಹೆಡ್ ಒಂದೊಂದು ಸಲ ಓಡಾಡುವಾಗಲೂ ತಟ್ಟೆಯ ಲೇಪ ಕೆರೆದುಹೋಗುತ್ತದೆ. ಕೆರೆದುಹೋದದ್ದನ್ನು ಬೆಂಗಳೂರಿನ ಲ್ಯಾಬಿನವರೂ ತರಲಾರರು.

ಫ್ರೀಜರಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಹಳೆಯ ಉಪಾಯ ಈಗಲೂ ಕೇಳಿಬರುತ್ತದೆ. ನಮ್ಮ ಊರಿನ ತೇವದ ಗಾಳಿಯಲ್ಲಿ ತಣ್ಣಗಿನ ಡಿಸ್ಕ್ ಹೊರಗೆ ತೆಗೆದ ಕೂಡಲೇ ಬೆವರುತ್ತದೆ. ಹೀಲಿಯಂ ತುಂಬಿದವನ್ನು ಬಿಟ್ಟರೆ ಹಾರ್ಡ್‌ಡಿಸ್ಕ್‌ಗಳು ಪೂರ್ತಿ ಮುಚ್ಚಿದ ಡಬ್ಬಿಗಳಲ್ಲ. ಒಳಹೊರಗಿನ ಗಾಳಿಯ ಒತ್ತಡ ಸರಿದೂಗಿಸಲು ಒಂದು ಸಣ್ಣ ತೂತು, ಅದಕ್ಕೊಂದು ಸೋಸುಬಟ್ಟೆ ಇರುತ್ತದೆ. ತೇವಕ್ಕೆ ಆ ದಾರಿ ಸಾಕು. ನಾವುಂದ, ಮರವಂತೆಯ ಕಡೆ ಸೌಪರ್ಣಿಕೆಯ ನೆರೆ ನೀರಿನಲ್ಲಿ ಮುಳುಗಿದ ಡಿಸ್ಕನ್ನಂತೂ ಅಕ್ಕಿ ಡಬ್ಬಿಯಲ್ಲಿ ಹೂತು ಒಣಗಿಸಿ ಕರೆಂಟ್ ಕೊಡಬೇಡಿ. ನೀರಿನ ಕೆಸರು ತಟ್ಟೆಯ ಮೇಲೆ ಒಣಗಿ ಕೂತರೆ ಮುಗಿಯಿತು. ಒದ್ದೆ ಇರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಲ್ಯಾಬಿಗೆ ಕಳಿಸುವುದೇ ಸರಿ.

3. ಡಿಸ್ಕನ್ನು ಕೊನೆಗೆ ಅನುಮಾನಿಸಿ

ಗಂಗೊಳ್ಳಿ, ಕೋಡಿ, ಮರವಂತೆ, ಉಪ್ಪುಂದದಂಥ ಕಡಲ ಬದಿಯ ಊರುಗಳಿಂದ ಬರುವ ಕಂಪ್ಯೂಟರಿನಲ್ಲಿ ಮೊದಲು ನೋಡುವುದು ಡಿಸ್ಕಿಗೆ ಹೋಗುವ ಸಾಟಾ ಕೇಬಲ್ಲಿನ ತುದಿ. ಅಲ್ಲಿ ಉಪ್ಪು ಗಾಳಿಗೆ ತಗಡಿನ ಮಾಡು ಉಳಿಯುವುದಿಲ್ಲ. ಕೂದಲಿಗಿಂತಲೂ ತೆಳುವಾದ ಲೋಹದ ಲೇಪ ಉಳಿದೀತೆ? ಸಂಪರ್ಕ ಕೆಟ್ಟಾಗ ಡಿಸ್ಕ್ ಮಾಯವಾಗುತ್ತದೆ, ಮತ್ತೆ ಬರುತ್ತದೆ, ಫೈಲ್ ಕಾಪಿ ಅರ್ಧಕ್ಕೆ ನಿಲ್ಲುತ್ತದೆ. ನೋಡಿದವರು ‘ಬ್ಯಾಡ್ ಸೆಕ್ಟರ್’ ಎಂದುಬಿಡುತ್ತಾರೆ.

ಇದನ್ನು ಹಿಡಿಯಲು ಸುಲಭದ ದಾರಿಯಿದೆ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ, ಸ್ಮಾರ್ಟ್ ಎನ್ನುತ್ತಾರೆ. ಅದರಲ್ಲಿ ಸಿ7 ಎಂಬ ಸಾಲು ಕೇಬಲ್ಲಿನಲ್ಲಿ ಡೇಟಾ ಹಾಳಾದ ಸಲಗಳ ಲೆಕ್ಕ. ಕೆಟ್ಟ ಸೆಕ್ಟರಿನ ಸಾಲುಗಳೆಲ್ಲ ಸೊನ್ನೆ ಇದ್ದು ಸಿ7 ಮಾತ್ರ ಏರಿದ್ದರೆ ಹೊಸ ಕೇಬಲ್ ಹಾಕಿ. ಹಳೆಯ ಲೆಕ್ಕ ಅಳಿಸುವುದಿಲ್ಲ, ಆದರೆ ಆಮೇಲೆ ಏರದಿದ್ದರೆ ಡಿಸ್ಕ್ ನಿರಪರಾಧಿ.

ಕೇಬಲ್ಲಿನ ತುದಿಯ ಹಾಗೆಯೇ ಕೆಡುವ ಇನ್ನೊಂದು ಜಾಗ ಇದೆ, ಬೋರ್ಡಿನ ಅಡಿಗೆ. ಡಿಸ್ಕಿನ ಹಸಿರು ಬೋರ್ಡನ್ನು ನಕ್ಷತ್ರ ತಲೆಯ ಸ್ಕ್ರೂ ತೆಗೆದು ಮಗುಚಿದರೆ, ಹೆಡ್ಡಿಗೆ ಹೋಗುವ ಸಂಪರ್ಕದ ಸಾಲು ಕೆಲವು ಮಾಡೆಲ್‌ಗಳಲ್ಲಿ ಕಪ್ಪಾಗಿ ಕೂತಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಾಗಿ ಉಜ್ಜಿ, ಚೂರು ಉಳಿಯದಂತೆ ಒರೆಸಿ ಮತ್ತೆ ಕೂರಿಸಿದರೆ ಸತ್ತಂತಿದ್ದ ಡಿಸ್ಕ್ ಎದ್ದದ್ದುಂಟು. ಬೋರ್ಡ್ ತೆಗೆಯುವುದು ಬೇರೆ, ಮುಚ್ಚಳ ತೆಗೆಯುವುದು ಬೇರೆ. ಮೇಲಿನ ಮುಚ್ಚಳಕ್ಕೆ ಕೈ ಹಚ್ಚಬೇಡಿ. ಫ್ಯಾನಿನಡಿ ಮುಚ್ಚಳ ಬಿಚ್ಚಿ ‘ಒಳಗೆ ಎಲ್ಲ ಚೆನ್ನಾಗಿಯೇ ಇದೆ’ ಎಂದು ತಂದುಕೊಡುವವರಿಗೆ ನಾನು ಚಹಾ ಕೊಟ್ಟು ಕಳಿಸುತ್ತೇನೆ, ಅಷ್ಟೆ.

ನಿಧಾನವಾದ ಕಂಪ್ಯೂಟರೆಲ್ಲ ಡಿಸ್ಕ್ ಕೆಟ್ಟ ಕಂಪ್ಯೂಟರ್ ಅಲ್ಲ. ವಿಂಡೋಸ್ 10 ಬಂದ ಮೇಲೆ ಹಳೆಯ ಡಿಸ್ಕ್ ಹೊತ್ತ ಲ್ಯಾಪ್‌ಟಾಪ್ ಏಳುವಷ್ಟರಲ್ಲಿ ಒಂದು ಊಟ ಮುಗಿಸಬಹುದು. ಅಲ್ಲಿ ಎಸ್‌ಎಸ್‌ಡಿ ಹಾಕಿ, ಹಳೆಯದನ್ನು ಪರೀಕ್ಷಿಸಿ ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬಹುದು.

4. ಕರೆಂಟ್ ಹೊಡೆದದ್ದಾದರೆ ಬೇಜಾರು ಬೇಡ

ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಹಾಲಾಡಿ, ಸಿದ್ದಾಪುರ, ಕೊಲ್ಲೂರಿನ ಕಡೆಯಿಂದ ಗಿರಾಕಿಗಳು ಬರತೊಡಗುತ್ತಾರೆ. ತೋಟದ ನಡುವೆ ದೂರ ದೂರ ಎಳೆದ ಲೈನು, ಮುರಕಲ್ಲಿನ ನೆಲ, ಬೇಸಗೆಯಲ್ಲಿ ಒಣಗಿಹೋದ ಅರ್ತಿಂಗ್. ಸಿಡಿಲು ಎಲ್ಲೋ ಬಡಿದರೂ ಅದರ ಪೆಟ್ಟು ಮನೆಯೊಳಗೆ ಬರುತ್ತದೆ.

ಇಂಥ ಡಿಸ್ಕಿನ ಲಕ್ಷಣ ಸ್ಪಷ್ಟ: ತಿರುಗುವುದೇ ಇಲ್ಲ. ಕೆಲವೊಮ್ಮೆ ಡಿಸ್ಕ್ ಜೋಡಿಸಿದರೆ ಕಂಪ್ಯೂಟರೇ ಆನ್ ಆಗುವುದಿಲ್ಲ, ತೆಗೆದರೆ ಆಗುತ್ತದೆ. ಬೋರ್ಡಿನಲ್ಲಿ 5 ವೋಲ್ಟಿನ ದಾರಿಗೆ ಒಂದು, 12 ವೋಲ್ಟಿನ ದಾರಿಗೆ ಒಂದು ರಕ್ಷಕ ಡಯೋಡ್ ಇರುತ್ತದೆ. ಹೆಚ್ಚಿನ ವೋಲ್ಟೇಜ್ ಬಂದಾಗ ಅದು ತಾನು ಶಾರ್ಟ್ ಆಗಿ ಉಳಿದ ಬೋರ್ಡನ್ನು ಕಾಯುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ ಆ ಶಾರ್ಟನ್ನು ನೋಡಿ ಏಳುವುದಿಲ್ಲ. ಮಲ್ಟಿಮೀಟರ್ ಇಟ್ಟರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಸತ್ತ ಡಯೋಡ್ ತೆಗೆದರೆ ಡಿಸ್ಕ್ ತಿರುಗುತ್ತದೆ. ಆದರೆ ಈಗ ಅದಕ್ಕೆ ಕಾವಲಿಲ್ಲ. ಒಳ್ಳೆಯ ಪವರ್ ಸಪ್ಲೈಗೆ ಹಾಕಿ, ಡೇಟಾ ತೆಗೆದು, ಆಮೇಲೆ ಹೊಸ ಡಯೋಡ್ ಹಚ್ಚಿದರೆ ಡಿಸ್ಕ್ ಮತ್ತೆ ಬಳಕೆಗೆ ಬರುತ್ತದೆ. ರಿಪೇರಿ ಎಂದು ಎದೆ ತಟ್ಟಿ ಹೇಳಬಹುದಾದ ಕೆಲಸ ಹಾರ್ಡ್‌ಡಿಸ್ಕಿನಲ್ಲಿ ಇದೊಂದೇ ಇರಬಹುದು.

ಸಿಡಿಲಿಗಿಂತ ಹೆಚ್ಚು ಡಯೋಡ್ ಕೊಲ್ಲುವುದು ತಪ್ಪು ಅಡಾಪ್ಟರ್. ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿಗೆ ಬೇಕಾದದ್ದು 12 ವೋಲ್ಟ್. ಪಿನ್ ಹೊಂದಿತೆಂದು ಲ್ಯಾಪ್‌ಟಾಪಿನ 19 ವೋಲ್ಟಿನದ್ದನ್ನು ಚುಚ್ಚುತ್ತಾರೆ. ಅಡಾಪ್ಟರಿನ ಮೇಲೆ ಬಿಳಿ ಪೆಯಿಂಟಿನಲ್ಲಿ ಯಾವುದರದ್ದು ಎಂದು ಬರೆದಿಡಿ.

ಡಯೋಡಿನಾಚೆಗೂ ಬೋರ್ಡ್ ಸುಟ್ಟಿದ್ದರೆ ಅದೇ ಮಾಡೆಲಿನ ಇನ್ನೊಂದು ಬೋರ್ಡ್ ತಂದು ಹಾಕಿದರೆ ಸಾಕೆಂದು ತುಂಬ ಜನ ತಿಳಿದಿದ್ದಾರೆ. ಹಿಂದಿನ ಕಾಲದ ಡಿಸ್ಕಿಗೆ ಅದು ನಡೆಯುತ್ತಿತ್ತು. ಈಗ ಪ್ರತಿ ಡಿಸ್ಕಿನ ಹೆಡ್ ಮತ್ತು ತಟ್ಟೆಗೆ ಹೊಂದಿಸಿದ ಲೆಕ್ಕ ಬೋರ್ಡಿನ ಎಂಟು ಕಾಲಿನ ಒಂದು ಸಣ್ಣ ಚಿಪ್ಪಿನಲ್ಲಿರುತ್ತದೆ, ಕೆಲವದರಲ್ಲಿ ಮುಖ್ಯ ಚಿಪ್ಪಿನೊಳಗೇ ಇರುತ್ತದೆ. ಆ ಚಿಪ್ಪನ್ನು ಹಳೆಯದರಿಂದ ಬಿಡಿಸಿ ಹೊಸದಕ್ಕೆ ಹಚ್ಚಬೇಕು. ಹಾಗಾಗಿ ಸುಟ್ಟ ಬೋರ್ಡನ್ನು ಎಸೆಯಬೇಡಿ.

ಕರೆಂಟಿನ ಇನ್ನೊಂದು ಕೆಲಸ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಡಿಸ್ಕ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ಜಾಗದ ಬರಹ ಅರೆಬರೆಯಾಗಿ ನಿಲ್ಲುತ್ತದೆ. ಮುಂದೆ ಓದಲು ಹೋದಾಗ ಡಿಸ್ಕಿಗೆ ಅರ್ಥವಾಗದೆ ಆ ಸೆಕ್ಟರನ್ನು ‘ಅನುಮಾನದ’ ಪಟ್ಟಿಗೆ ಸೇರಿಸುತ್ತದೆ. ತಟ್ಟೆಗೆ ಏನೂ ಆಗಿರುವುದಿಲ್ಲ, ಬರಹ ಮಾತ್ರ ಕೆಟ್ಟಿರುತ್ತದೆ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಅಂಗಡಿಗಳ ಕಂಪ್ಯೂಟರಿನಲ್ಲಿ ಇಂಥದು ಧಾರಾಳ. ಒಳ್ಳೆಯ ಡಿಸ್ಕನ್ನು ಕೆಟ್ಟದೆಂದು ಎಸೆಯುವುದು ಹೆಚ್ಚಾಗಿ ಇಲ್ಲಿಯೇ.

5. ಎಲ್ಲ ಅಂಕಿ ಓದಬೇಡಿ, ಓದಬೇಕಾದದ್ದನ್ನು ಬಿಡಬೇಡಿ

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಜಪಾನಿನ ಪುಕ್ಕಟೆ ತಂತ್ರಾಂಶ ಎಲ್ಲರ ಕೈಯಲ್ಲೂ ಇದೆ. ನೀಲಿ ಬಂದರೆ ಒಳ್ಳೆಯದು, ಹಳದಿ ಬಂದರೆ ಎಚ್ಚರಿಕೆ ಎಂದು ಬಣ್ಣ ನೋಡಿ ಮುಚ್ಚುತ್ತಾರೆ. ಬಣ್ಣಕ್ಕಿಂತ ಮೂರು ಸಾಲು ಮುಖ್ಯ. 05 ಎಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರುಗಳು. ಸಿ5 ಎಂದರೆ ಅನುಮಾನದಲ್ಲಿರುವವು. ಸಿ6 ಎಂದರೆ ಪರೀಕ್ಷೆಯಲ್ಲಿ ಓದಲಾಗದೆ ಉಳಿದವು. ಅಂಕಿ ಹದಿನಾರರ ಲೆಕ್ಕದಲ್ಲಿ ಕಾಣುತ್ತದೆ ಎಂಬುದನ್ನು ಮರೆಯಬೇಡಿ. ಅಲ್ಲಿ 64 ಎಂದಿದ್ದರೆ ನಮ್ಮ ಲೆಕ್ಕಕ್ಕೆ 100. ಸೆಟ್ಟಿಂಗಿನಲ್ಲಿ ಬದಲಿಸಿಕೊಳ್ಳಬಹುದು. ಸೀಗೇಟ್ ಡಿಸ್ಕಿನ ಮೊದಲ ಸಾಲಿನಲ್ಲಿ ಭಯಂಕರ ದೊಡ್ಡ ಅಂಕಿ ಕಂಡು ಗಾಬರಿಯಾಗಬೇಡಿ. ಆ ಕಂಪನಿಯ ಲೆಕ್ಕದ ಕ್ರಮವೇ ಹಾಗೆ.

ಈ ಮೂರೂ ಸೊನ್ನೆ ಎಂದ ಮಾತ್ರಕ್ಕೆ ಡಿಸ್ಕ್ ಗಟ್ಟಿ ಎಂದಲ್ಲ. ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಅದೇ ಅಧ್ಯಯನದ ಇನ್ನೊಂದು ಮುಖ: ಪರಿಶೀಲನೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ 60 ದಿನದೊಳಗೆ ಸಾಯುವ ಸಾಧ್ಯತೆ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು. ಅಂದರೆ ಸ್ಮಾರ್ಟ್ ‘ಕೆಟ್ಟಿದೆ’ ಎಂದಾಗ ನಂಬಿ, ‘ಚೆನ್ನಾಗಿದೆ’ ಎಂದಾಗ ನಂಬಬೇಡಿ.

6. ಮೊದಲು ನಕಲು, ಆಮೇಲೆ ಪರೀಕ್ಷೆ

ಡೇಟಾ ಬೇಕಾದ ಡಿಸ್ಕಿಗೆ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲುಗಳ ಪಟ್ಟಿಯನ್ನು ಸರಿಮಾಡಲು ಇರುವುದು, ಸಾಯುತ್ತಿರುವ ಡಿಸ್ಕನ್ನು ಉಳಿಸಲು ಅಲ್ಲ. ಓದಲಾಗದ ಪಟ್ಟಿಯನ್ನು ಅದು ‘ಸರಿ’ ಮಾಡಿದ ಮೇಲೆ ಫೋಲ್ಡರುಗಳೇ ಕಾಣೆಯಾಗುತ್ತವೆ. ವಿಂಡೋಸ್ ತಾನಾಗಿ ಕೇಳಿದರೂ ಬೇಡ ಎನ್ನಿ.

ನಕಲು ತೆಗೆಯಲು ನಾನು ಬಳಸುವುದು ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಸುಲಭವಾಗಿ ಓದಲಿಕ್ಕೆ ಬರುವ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ಹಟ ಹಿಡಿಯುವ ಭಾಗಕ್ಕೆ ಕೊನೆಗೆ ಹೋಗುತ್ತದೆ. ಎಲ್ಲಿಯವರೆಗೆ ಆಯಿತೆಂದು ಒಂದು ನಕ್ಷೆ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮೂರಿಗೆ ಹೇಳಿ ಮಾಡಿಸಿದ್ದು! ಅದು ಆಗದವರು ಮುಖ್ಯವಾದ ಫೋಲ್ಡರನ್ನು ಮೊದಲು ಕಾಪಿ ಮಾಡಿ. ಸಿನಿಮಾ ಮತ್ತೆ ಸಿಗುತ್ತದೆ, ಅಜ್ಜಿಯ ಫೋಟೊ ಸಿಗುವುದಿಲ್ಲ.

ಕೆಲವು ಪೋರ್ಟಬಲ್ ಡಿಸ್ಕಿನಲ್ಲಿ ಯುಎಸ್‌ಬಿ ಪೋರ್ಟ್ ಬೋರ್ಡಿಗೇ ಬೆಸೆದಿರುತ್ತದೆ, ಒಳಗೆ ಸಾಟಾ ಪಿನ್ ಇರುವುದಿಲ್ಲ, ಡೇಟಾ ಆ ಬೋರ್ಡಿನ ಮೂಲಕವೇ ಗೂಢಲಿಪಿಯಾಗಿ ಕೂತಿರುತ್ತದೆ. ಅಂಥವುಗಳ ಡಬ್ಬಿ ಒಡೆದು ಪ್ರಯೋಜನವಿಲ್ಲ. ಪೋರ್ಟ್ ಅಲುಗಾಡುತ್ತಿದ್ದರೆ ಬೆಸುಗೆ ಹಾಕಿಸಿ.

7. ಮರುಬಳಕೆಗೆ ನನ್ನ ಪರೀಕ್ಷೆ

ಡೇಟಾ ಹೊರಬಂದಿದೆ, ಕೇಬಲ್ ಸರಿ ಇದೆ, ಬಡಿಯುವ ಸದ್ದಿಲ್ಲ, ಸಿ5 ಮಾತ್ರ ಏರಿದೆ. ಆಗ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಸುತ್ತೇನೆ. ವಿಸ್ತಾದಿಂದ ಈಚೆಗಿನ ವಿಂಡೋಸ್‌ನಲ್ಲಿ ‘ಕ್ವಿಕ್’ ಎಂಬ ಗುರುತು ತೆಗೆದು ಫಾರ್ಮ್ಯಾಟ್ ಕೊಟ್ಟರೂ ಇದೇ ಆಗುತ್ತದೆ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿಗೆ ಮೂರು ಗಂಟೆ ಹತ್ತಿರ ಬೇಕು.

ಹೊಸದಾಗಿ ಬರೆಯುವಾಗ ಡಿಸ್ಕ್ ಅನುಮಾನದ ಸೆಕ್ಟರನ್ನು ತಾನೇ ಪರೀಕ್ಷಿಸುತ್ತದೆ. ಬರಹ ನಿಂತರೆ ಪಟ್ಟಿಯಿಂದ ತೆಗೆಯುತ್ತದೆ, ನಿಲ್ಲದಿದ್ದರೆ ಬದಲಿ ಜಾಗ ಕೊಡುತ್ತದೆ. ಸಿ5 ಸೊನ್ನೆಗೆ ಇಳಿದು 05 ಏರದೆ ಉಳಿದರೆ ಅದು ಕರೆಂಟಿನ ಕಾಟವಾಗಿತ್ತು, ತಟ್ಟೆ ಚೆನ್ನಾಗಿದೆ. 05 ಸ್ವಲ್ಪ ಏರಿದರೆ ಬದಿಗಿಟ್ಟು, ವಾರ ಕಳೆದು ಮತ್ತೆ ಪೂರ್ತಿ ಓದಿಸುತ್ತೇನೆ. ಅಷ್ಟಕ್ಕೇ ನಿಂತಿದ್ದರೆ ಸಣ್ಣ ಕೆಲಸಕ್ಕೆ ಅಡ್ಡಿಲ್ಲ. ಇನ್ನೂ ಏರಿದ್ದರೆ ಬೇಡ. ಎಷ್ಟು ಕೆಟ್ಟಿದೆ ಎನ್ನುವುದಕ್ಕಿಂತ ಕೆಡುವುದು ನಿಂತಿದೆಯೇ ಎನ್ನುವುದನ್ನು ನೋಡಬೇಕು. ಕೆಟ್ಟ ಭಾಗವನ್ನು ಬಿಟ್ಟು ಪಾರ್ಟಿಶನ್ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ತಟ್ಟೆಯಿಂದ ಎದ್ದ ಪುಡಿ ಪಾರ್ಟಿಶನ್ನಿನ ಗೆರೆ ನೋಡಿ ಹಾರುವುದಿಲ್ಲ.

‘ಲೋ ಲೆವೆಲ್ ಫಾರ್ಮ್ಯಾಟ್ ಮಾಡಿದರೆ ಹೊಸದಾಗುತ್ತದೆ’ ಎನ್ನುವುದನ್ನು ಬಿಟ್ಟುಬಿಡಿ. ನಿಜವಾದದ್ದು ಕಾರ್ಖಾನೆಯಲ್ಲಿ ಒಂದೇ ಸಲ ಆಗುತ್ತದೆ. ಆ ಹೆಸರಿನ ತಂತ್ರಾಂಶಗಳು ಮಾಡುವುದೂ ಈ ಸೊನ್ನೆ ಬರೆಯುವ ಕೆಲಸವನ್ನೇ.

8. ಉಳಿದದ್ದನ್ನು ಎಲ್ಲಿಗೆ ಹಾಕುವುದು

‘ಕ್ಯಾಮರಾಕ್ಕ್ ಹಾಕುಕೆ ಅಡ್ಡಿಲ್ಲ ಅಲ್ದಾ?’ ಎಂದು ಹೆಚ್ಚಿನವರು ಕೇಳುತ್ತಾರೆ. ಅಡ್ಡಿ ಇದೆ. ಸಿಸಿ ಕ್ಯಾಮೆರಾದ ಡಿವಿಆರ್ ದಿನದ 24 ಗಂಟೆಯೂ ಬರೆಯುತ್ತದೆ. ಡಿಸ್ಕಿಗೆ ಅದಕ್ಕಿಂತ ಕಠಿಣ ದುಡಿಮೆ ಮನೆ ಕಂಪ್ಯೂಟರಿನಲ್ಲಿ ಇಲ್ಲ. ರೆಕಾರ್ಡ್ ನಿಂತದ್ದು ಯಾರಿಗೂ ತಿಳಿಯುವುದಿಲ್ಲ. ಕಳ್ಳತನವಾದ ಮರುದಿನ ಪೊಲೀಸರು ಕೇಳಿದಾಗಲೇ ತಿಳಿಯುವುದು. ಕೆಟ್ಟ ಡಿಸ್ಕನ್ನು ಕ್ಯಾಮೆರಾಕ್ಕೆ ಹಾಕುವುದೂ ಒಂದೇ, ಕ್ಯಾಮೆರಾ ಹಾಕದಿರುವುದೂ ಒಂದೇ.

ಪರೀಕ್ಷೆ ಪಾಸಾದ ಹಳೆಯ ಡಿಸ್ಕಿಗೆ ಸರಿಯಾದ ಜಾಗ ಎಂದರೆ ಎರಡನೆಯ ಅಥವಾ ಮೂರನೆಯ ಪ್ರತಿ. ಸ್ಟುಡಿಯೋದವರು ಮದುವೆ ವಿಡಿಯೊದ ಇನ್ನೊಂದು ನಕಲನ್ನು ಇಡಬಹುದು. ಯಕ್ಷಗಾನದ ರೆಕಾರ್ಡಿಂಗ್ ಇಟ್ಟುಕೊಂಡವರಿಗೆ ಇದನ್ನು ಒತ್ತಿ ಹೇಳಬೇಕು. ಮೇಳದಿಂದ ಮೇಳಕ್ಕೆ, ವೇಷದಿಂದ ವೇಷಕ್ಕೆ ಆಟ ಬದಲಾಗುತ್ತದೆ, ತೀರಿಕೊಂಡ ಭಾಗವತರು ಮತ್ತೆ ಬಂದು ಹಾಡುವುದಿಲ್ಲ. ನಿಮ್ಮಲ್ಲಿರುವುದು ಒಂದೇ ಪ್ರತಿಯಾದರೆ ಪರಿಚಯದ ಇನ್ನೊಬ್ಬರ ಮನೆಯಲ್ಲಿ ಇನ್ನೊಂದು ಇಡಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರಿದು: ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಆರು ತಿಂಗಳಿಗೊಮ್ಮೆ ಹಚ್ಚಿ ನೋಡುವುದು.

9. ಹೊಸದೆಂದು ಕೊಟ್ಟದ್ದು ಹೊಸದೇ?

ಬದಲಿ ಡಿಸ್ಕ್ ಕೊಳ್ಳುವಾಗಲೂ ಸ್ಮಾರ್ಟ್ ನೋಡಿ. ಅದನ್ನೂ ಪೂರ್ತಿ ನಂಬುವಂತಿಲ್ಲ, ಓಡಿದ ಗಂಟೆ ಸೊನ್ನೆ ಎಂದು ತೋರಿಸುವಂತೆ ಲೆಕ್ಕ ಅಳಿಸುವುದು ಕಷ್ಟವಲ್ಲ. 2025ರ ಆರಂಭದಲ್ಲಿ ಹೀಗೆ ಗಂಟೆ ಅಳಿಸಿದ ಬಳಸಿದ ಸೀಗೇಟ್ ಡಿಸ್ಕ್‌ಗಳು ಹೊಸದರ ಹೆಸರಿನಲ್ಲಿ ಮಾರಾಟವಾದದ್ದು ಜರ್ಮನಿಯಲ್ಲಿ ಬಯಲಾಯಿತು. ಸೀಗೇಟಿನ ಹೊಸ ಡಿಸ್ಕ್‌ಗಳಲ್ಲಿ ಫಾರ್ಮ್ (FARM) ಎಂಬ ಇನ್ನೊಂದು ಲೆಕ್ಕವಿದೆ, smartctl ಎಂಬ ತಂತ್ರಾಂಶದಿಂದ ಓದಬಹುದು. ಎರಡೂ ತಾಳೆಯಾಗಬೇಕು. ಹಳೆಯ ಡಿವಿಆರ್ ಡಿಸ್ಕ್ ಐದು ವರ್ಷ ಓಡಿದ್ದರೆ 43,800 ಗಂಟೆ ದುಡಿದಿರುತ್ತದೆ. ಕಡಿಮೆಗೆ ಸಿಕ್ಕಿತೆಂದು ತರಬೇಡಿ.

10. ಸತ್ತದ್ದನ್ನು ಗುಜರಿಗೆ ಹಾಕುವ ಮೊದಲು

ಓದಲು ಬಾರದ ಡಿಸ್ಕಿನಲ್ಲೂ ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕ, ಮನೆಯವರ ಫೋಟೊ ಹಾಗೆಯೇ ಇರುತ್ತದೆ. ನಿಮಗೆ ಓದಲಾಗದಿದ್ದದ್ದು ಇನ್ನೊಬ್ಬರಿಗೂ ಆಗದು ಎಂದೇನಿಲ್ಲ. ಬರೆಯಲಿಕ್ಕೆ ಬರುವ ಡಿಸ್ಕಾದರೆ ಒಮ್ಮೆ ಪೂರ್ತಿ ಸೊನ್ನೆ ಬರೆಸಿದರೆ ಸಾಕು. ಬಾರದಿದ್ದರೆ ತಟ್ಟೆಗೆ ತೂತು ಹೊಡೆಯಿರಿ. ಸಣ್ಣ ಡಿಸ್ಕಿನ ತಟ್ಟೆ ಹೆಚ್ಚಾಗಿ ಗಾಜಿನದು, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮದಂತೆ ಇವು ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ತೋಟದ ಮೂಲೆಯಲ್ಲಿ ಸುಡುವ ಕೆಲಸ ಬೇಡ.

ರಿಪೇರಿಗೆ ತರುವವರಲ್ಲಿ ಒಂದು ವಿನಂತಿ. ಡಿಸ್ಕಿನ ಜೊತೆ ಅದರ ಕೇಬಲ್ಲನ್ನೂ ಅಡಾಪ್ಟರನ್ನೂ ತನ್ನಿ. ಟವೆಲಿನಲ್ಲಿ ಸುತ್ತಿ ತನ್ನಿ, ಸ್ಕೂಟರಿನ ಡಿಕ್ಕಿಯಲ್ಲಿ ತೆಂಗಿನಕಾಯಿ ಜೊತೆ ಬೇಡ. ಕೆಳಗೆ ಬಿದ್ದಿದ್ದರೆ ಬಿದ್ದಿದೆ ಎಂದು ಹೇಳಿ. ಬಿದ್ದದ್ದಕ್ಕೆ ಯಾರೂ ಬಯ್ಯುವುದಿಲ್ಲ, ಮುಚ್ಚಿಟ್ಟರೆ ನಾವು ತಿಳಿಯದೆ ಇನ್ನೊಂದು ಸಲ ಕರೆಂಟ್ ಕೊಟ್ಟು ನೋಡುತ್ತೇವೆ, ತಟ್ಟೆ ಇನ್ನಷ್ಟು ಕೆರೆದುಹೋಗುತ್ತದೆ.